ಒಡೆದ ರಿವಾಲ್ವರ್ ಸಿಲಿಂಡರ್ ಮತ್ತು ಮದ್ದಿನ ಮಿತಿ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಲೋಹ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ನಾನು ಮುರಿದ ಬಿಡಿಭಾಗಗಳ ವಿಶ್ಲೇಷಣೆ ಮಾಡುತ್ತೇನೆ. ಕ್ರ್ಯಾಂಕ್‌ಶಾಫ್ಟ್, ಗೇರಿನ ಹಲ್ಲು, ಹೈಡ್ರಾಲಿಕ್ ಸಿಲಿಂಡರ್, ಬಾಯ್ಲರ್ ಕೊಳವೆ, ಇವೇ ನಮ್ಮ ನಿತ್ಯದ ಗಿರಾಕಿಗಳು. ಇವುಗಳ ನಡುವೆ ಅಮೆರಿಕದ ಗ್ರಾಹಕರೊಬ್ಬರು ಎರಡನೆಯ ಅಭಿಪ್ರಾಯ ಕೇಳಿ ಕಳುಹಿಸಿದ ರಿವಾಲ್ವರ್ ಪ್ರಕರಣವೊಂದು ನಮ್ಮ ವಿಭಾಗದ ವರದಿ ಬರೆಯುವ ಕ್ರಮವನ್ನೇ ತಿದ್ದಿತು. ಒತ್ತಡ ತಡೆಯುವ ಯಾವುದೇ ಪಾತ್ರೆಯ ಮೇಲೆ ಕೆಲಸ ಮಾಡುವವರಿಗೂ ಇದು ಸಲ್ಲುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ಒಡೆದ ಭಾಗ ಭಾರತಕ್ಕೆ ಬರಲಿಲ್ಲ. ಶಸ್ತ್ರದ ಬಿಡಿಭಾಗ ತರಿಸುವ ಪರವಾನಗಿಯ ಗೊಡವೆಗೆ ಯಾರೂ ಹೋಗಲಿಲ್ಲ. ಬಂದದ್ದು ಛಾಯಾಚಿತ್ರಗಳು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು, ಗಡಸುತನದ ಅಳತೆಗಳು ಮತ್ತು ಮಾಲೀಕರು ಮದ್ದು ತುಂಬುವಾಗ ಬರೆದಿಟ್ಟುಕೊಂಡಿದ್ದ ಪುಸ್ತಕದ ಕೆಲವು ಪುಟಗಳು. ಹಾರಿಸಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ), ಮದ್ದು, ಗುಂಡು ಕೂರಿಸಿ ಮತ್ತೆ ಬಳಸುವ ಹ್ಯಾಂಡ್‌ಲೋಡಿಂಗ್ ಅಲ್ಲಿ ಸಾಮಾನ್ಯ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲವಾದ್ದರಿಂದ ಇದನ್ನು ಯಾರೂ ಇಲ್ಲಿ ಮಾಡಿ ನೋಡುವ ವಿಷಯವೆಂದು ಓದಬಾರದು.

ಆಯುಧ .45 ಕೋಲ್ಟ್ ತೋಟಾ ಹಾರಿಸುವ, ಹಳೆಯ ವಿನ್ಯಾಸದ ಆರು ಚೇಂಬರಿನ, ಅಂದರೆ ತಿರುಗುವ ಸಿಲಿಂಡರಿನಲ್ಲಿ ತೋಟಾ ಕೂರುವ ಆರು ರಂಧ್ರಗಳಿರುವ, ಪ್ರತಿರೂಪ. ಚಿತ್ರದಲ್ಲಿ ಮೇಲಿನ ಚೇಂಬರಿನ ಹೊರಗೋಡೆ ಹಾರಿಹೋಗಿತ್ತು. ಅದರ ಜೊತೆಗೆ ಎಡಬಲದ ಚೇಂಬರುಗಳ ಅರ್ಧರ್ಧ ಗೋಡೆಯೂ ಕಿತ್ತುಕೊಂಡು ಹೋಗಿತ್ತು. ಚೌಕಟ್ಟಿನ ಮೇಲ್ಪಟ್ಟಿ ಕಮಾನಿನಂತೆ ಬಾಗಿತ್ತು. ವಿಜಯಪುರದ ಕಡೆಯಿಂದ ಬಂದ ನಮ್ಮ ಕಿರಿಯ ಸಹೋದ್ಯೋಗಿ ಅಳತೆಗಳನ್ನೆಲ್ಲ ಎರಡು ಸಲ ನೋಡಿ, "ಸರ್, ಗಡಸುತನ ಸರಿ ಐತಿ, ಉಕ್ಕಿನ ರಚನೆನೂ ಸರಿ ಐತಿ, ಮತ್ತ ಒಡದದ್ದು ಯಾಕ?" ಎಂದ. "ಉಕ್ಕಿನ ಕಡತ ಬದಿಗಿಡಪ್ಪ, ಮದ್ದಿನ ಪುಟ ತೆಗಿ" ಎಂದೆ.

ಆ ಪುಟಕ್ಕೆ ಹೋಗುವ ಮುನ್ನ ಸಿಲಿಂಡರಿನ ರಚನೆಯನ್ನು ಹೇಳಬೇಕು. ಸಿಲಿಂಡರನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸಲು ಹೊರಮೈಯಲ್ಲಿ ಪ್ರತಿ ಚೇಂಬರಿಗೆ ಒಂದರಂತೆ ಕಚ್ಚು ಕೊರೆದಿರುತ್ತಾರೆ. ಕೆಳಗಿನಿಂದ ಏಳುವ ಬೋಲ್ಟ್ ಅದರಲ್ಲಿ ಕೂರುತ್ತದೆ. ಚೇಂಬರುಗಳು ಆರಾದರೆ ಮೇಲಿನ ಚೇಂಬರಿನ ನೇರ ಎದುರಿಗೆ, ಕೆಳಗೆ, ಇನ್ನೊಂದು ಚೇಂಬರ್ ಇದ್ದೇ ಇರುತ್ತದೆ. ಹೀಗಾಗಿ ಬೋಲ್ಟಿನ ಕಚ್ಚು ಚೇಂಬರಿನ ಅತಿ ತೆಳು ಗೋಡೆಯ ಮೇಲೆ ಅಥವಾ ಅದರ ತೀರ ಸಮೀಪ ಬೀಳುತ್ತದೆ. ಐದು ಚೇಂಬರಿನ ಸಿಲಿಂಡರಿನಲ್ಲಿ ಅದೇ ಕಚ್ಚು ಎರಡು ಚೇಂಬರುಗಳ ನಡುವಿನ ದಪ್ಪ ಲೋಹದ ಮೇಲೆ ಬರುತ್ತದೆ. .454 ಕ್ಯಾಸುಲ್‌ನಂಥ ಭಾರಿ ತೋಟಾಗಳಿಗೆ ಐದು ಚೇಂಬರಿನ ಸಿಲಿಂಡರ್ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಮುರಿದ ಮುಖದ ಚಿತ್ರವನ್ನು ಹಿಗ್ಗಿಸಿದಾಗ ಕಚ್ಚಿನ ಚೂಪು ಮೂಲೆಯಲ್ಲಿ ಉಗುರಿನ ಆಕಾರದ ಚಿಕ್ಕ ಕಪ್ಪು ಪ್ರದೇಶವೊಂದು ಕಂಡಿತು. ಅದರಲ್ಲಿ ಎಣ್ಣೆ ಮತ್ತು ಮಸಿ ಇಂಗಿತ್ತು. ಅದರಾಚೆಗೆ ಲೋಹ ಬೂದು ಬಣ್ಣದ್ದು, ಹೊಳಪಿನದು, ಒಂದೇ ಏಟಿಗೆ ಹರಿದದ್ದು. ಎಣ್ಣೆ ಒಳಗಿಳಿಯಬೇಕಾದರೆ ಬಿರುಕು ಮೊದಲೇ ಬಾಯಿ ತೆರೆದಿರಬೇಕು. ಎಂದರೆ ಕೊನೆಯ ಗುಂಡಿಗಿಂತ ಮುಂಚಿನ ಗುಂಡುಗಳೇ ಗೋಡೆಯನ್ನು ಸೀಳತೊಡಗಿದ್ದವು. ಮಾಲೀಕರ ಹೇಳಿಕೆಯಲ್ಲಾದರೋ, ಇದೇ ಪ್ರಮಾಣದ ಮದ್ದನ್ನು ಹಿಂದೆಯೂ ಹಾರಿಸಿದ್ದೇನೆ, ಏನೂ ಆಗಿರಲಿಲ್ಲ ಎಂದಿತ್ತು. ಎರಡೂ ನಿಜ, ಆದರೆ ಆ ಹೇಳಿಕೆಯಿಂದ ಅವರು ತೆಗೆದ ನಿರ್ಣಯ ಮಾತ್ರ ತಪ್ಪು. ನಮ್ಮ ಗ್ರಾಹಕರ ಪೈಕಿ ಅರ್ಧದಷ್ಟು ಮಂದಿ ಪ್ರೆಸ್ ಯಂತ್ರದ ಬಗ್ಗೆಯೂ ಇದನ್ನೇ ಹೇಳುತ್ತಾರೆ.

ಇನ್ನು ಮದ್ದಿನ ಪುಟ. ಅದರಲ್ಲಿದ್ದ ಪ್ರಮಾಣ ಕೈಪಿಡಿಯೊಂದರಿಂದಲೇ ಎತ್ತಿಕೊಂಡದ್ದು, ಬರೆದುಕೊಂಡದ್ದರಲ್ಲಿ ತಪ್ಪಿರಲಿಲ್ಲ. ಆದರೆ ಎತ್ತಿಕೊಂಡ ವಿಭಾಗ ಬೇರೆ. .45 ಕೋಲ್ಟ್ 1873ರ ತೋಟಾ, ಹುಟ್ಟಿದ್ದು ಕಪ್ಪು ಮದ್ದಿಗಾಗಿ. ಅಮೆರಿಕದಲ್ಲಿ ಮದ್ದುಗುಂಡಿನ ಮಾನದಂಡ ನಿಗದಿಪಡಿಸುವ ಸಾಮಿ ಸಂಸ್ಥೆ ಇದಕ್ಕೆ ಕೊಟ್ಟಿರುವ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 14,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 97 ಮೆಗಾಪ್ಯಾಸ್ಕಲ್. ರೂಗರ್ ಬ್ಲ್ಯಾಕ್‌ಹಾಕ್‌ನಂಥ ದಪ್ಪ ಗೋಡೆಯ ಆಧುನಿಕ ರಿವಾಲ್ವರುಗಳು ಇದಕ್ಕಿಂತ ಬಹಳ ಹೆಚ್ಚು ತಡೆಯುತ್ತವೆಯಾದ್ದರಿಂದ ಕೈಪಿಡಿಗಳು ಅವುಗಳಿಗೆಂದೇ ಪ್ರತ್ಯೇಕ ವಿಭಾಗ ಮುದ್ರಿಸುತ್ತವೆ. ಅಲ್ಲಿನ ಒತ್ತಡ ಮೇಲಿನ ಮಿತಿಯ ಎರಡು ಪಟ್ಟಿನ ಆಸುಪಾಸಿಗೆ, 30,000ದ ಸಮೀಪಕ್ಕೆ, ಹೋಗುತ್ತದೆ. ತೊಡಕೆಂದರೆ ಎರಡೂ ವಿಭಾಗಗಳ ತೋಟಾ ಹೊರಗಿನಿಂದ ಒಂದೇ, ಎರಡೂ ಬಗೆಯ ರಿವಾಲ್ವರಿಗೆ ಸಲೀಸಾಗಿ ಕೂರುತ್ತದೆ.

.44 ಮ್ಯಾಗ್ನಮ್ ಎಂಬ ಭಾರಿ ತೋಟಾ ಮಾಡಿದವರು ಈ ತೊಡಕನ್ನು ಮೊದಲೇ ಗ್ರಹಿಸಿದ್ದರು. .45 ಕೋಲ್ಟ್ ಸಿಲಿಂಡರ್ ಒಡೆದುಕೊಂಡ ಅನುಭವವಿದ್ದ ಎಲ್ಮರ್ ಕೀತ್ ಎಂಬ, ಬಂದೂಕುಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕನ್ ಲೇಖಕ ಹಳೆಯ .44 ಸ್ಪೆಷಲ್ ತೋಟಾದ ಕೇಸಿನಲ್ಲಿ ವರ್ಷಗಟ್ಟಲೆ ಭಾರಿ ಮದ್ದು ತುಂಬಿ ಪ್ರಯೋಗ ಮಾಡಿದ. ಕಂಪನಿಗಳು 1950ರ ದಶಕದ ನಡುವಿನಲ್ಲಿ ಆ ಶಕ್ತಿಯನ್ನು ಮಾರುಕಟ್ಟೆಗೆ ತಂದಾಗ ಕೇಸನ್ನು ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದ ಮಾಡಿದವು. .44 ಸ್ಪೆಷಲ್‌ನ ಮಿತಿ 15,500, ಮ್ಯಾಗ್ನಮ್‌ನದು 36,000. ಉದ್ದದ ತೋಟಾ ಹಳೆಯ ಚೇಂಬರಿನೊಳಗೆ ಪೂರ್ತಿ ಇಳಿಯುವುದೇ ಇಲ್ಲ. .454 ಕ್ಯಾಸುಲ್ ಕೂಡ .45 ಕೋಲ್ಟ್ ಕೇಸನ್ನೇ ಉದ್ದ ಮಾಡಿದ್ದು, ಅದರ ಮಿತಿ 65,000. .45 ಕೋಲ್ಟ್‌ಗೆ ಮಾತ್ರ ಅಂಥ ಬೀಗವಿಲ್ಲ, ಅಲ್ಲಿ ಬೀಗವಾಗಬೇಕಾದದ್ದು ಕೈಪಿಡಿಯ ಶೀರ್ಷಿಕೆಯೊಂದೇ. ಆದ್ದರಿಂದ ತೋಟಾದ ಹೆಸರು ಹೇಳಿ ಮಿತಿ ಎಷ್ಟು ಎಂದು ಕೇಳಿದರೆ ಪ್ರಶ್ನೆ ಅರ್ಧಕ್ಕೇ ನಿಂತಂತೆ. ಯಾವ ಸಿಲಿಂಡರಿನಲ್ಲಿ ಎಂಬುದೂ ಸೇರಬೇಕು.

ಮಾನಕದಲ್ಲೂ ಒಂದು ಬಲೆ ಇದೆ. ಹಳೆಯ ಕೈಪಿಡಿಗಳು ತಾಮ್ರದ ಚಿಕ್ಕ ತುಂಡು ಎಷ್ಟು ನಜ್ಜುಗುಜ್ಜಾಯಿತು ಎಂಬುದರಿಂದ ಒತ್ತಡ ಅಳೆದು ಸಿಯುಪಿ ಎಂದು ಬರೆಯುತ್ತಿದ್ದವು. ಇಂದಿನವು ವಿದ್ಯುತ್ ಸಂವೇದಕದಿಂದ ಅಳೆಯುತ್ತವೆ. .357 ಮ್ಯಾಗ್ನಮ್‌ಗೆ ಹಳೆಯ ಅಂಕಿ 45,000, ಹೊಸದು 35,000. ತೋಟಾ ದುರ್ಬಲವಾಗಿಲ್ಲ, ಅಳತೆಗೋಲು ಬದಲಾಗಿದೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು "ಇನ್ನೂ ಹತ್ತು ಸಾವಿರ ಬಾಕಿ ಇದೆ" ಎಂದುಕೊಳ್ಳುವವರಿದ್ದಾರೆ.

ಮಿತಿಯ ಸಮೀಪ ಮದ್ದು ಸರಳರೇಖೆಯಂತೆ ವರ್ತಿಸುವುದಿಲ್ಲ. ಹೊಗೆರಹಿತ ಮದ್ದು ಉರಿಯುವ ವೇಗ ಒತ್ತಡದೊಂದಿಗೆ ಏರುತ್ತದೆ, ಏರಿದ ವೇಗ ಒತ್ತಡವನ್ನು ಮತ್ತೆ ಏರಿಸುತ್ತದೆ. ಆದ್ದರಿಂದ ಮೇಲ್ತುದಿಯಲ್ಲಿ ಹಾಕಿದ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ, ಕೆಳಗಿನ ಒಂದು ಗ್ರೇನಿಗೆ ಸಮವಲ್ಲ. ಗುಂಡನ್ನು ಕೇಸಿನೊಳಗೆ ಸ್ವಲ್ಪ ಆಳಕ್ಕೆ ಕೂರಿಸಿದರೂ ಒಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ. ಕೈಪಿಡಿಗಳು ಗರಿಷ್ಠಕ್ಕಿಂತ ಶೇಕಡ 10ರಷ್ಟು ಕೆಳಗಿನಿಂದ ಆರಂಭಿಸಿ ಎಂದು ಹೇಳುವುದು ಈ ಕಾರಣಕ್ಕೆ. ಈ ನಿಯಮಕ್ಕೂ ಅಪವಾದವಿದೆ: ಮ್ಯಾಗ್ನಮ್ ತೋಟಾಗಳಲ್ಲಿ ಬಳಸುವ ಎಚ್110ನಂಥ ನಿಧಾನದ ಮದ್ದನ್ನು ತಯಾರಕರು ಹೇಳಿದ ಅಲ್ಪ ಪ್ರಮಾಣಕ್ಕಿಂತ ಹೆಚ್ಚು ಇಳಿಸಬಾರದು, ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಳ್ಳಬಹುದು, ಹಿಂದೆ ಬರುವ ಗುಂಡಿಗೆ ಅದೇ ಬಿರಡೆ. ಇತ್ತ ವೇಗದ ಮದ್ದುಗಳ ಪ್ರಮಾಣ ಚಿಕ್ಕದು, ಕಪ್ಪು ಮದ್ದಿಗೆಂದು ಮಾಡಿದ ಕೇಸು ದೊಡ್ಡದು; ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. ಪ್ರತಿ ಕೇಸಿನೊಳಗೆ ಬೆಳಕು ಬಿಟ್ಟು ನೋಡಿದ ಮೇಲೆಯೇ ಗುಂಡು ಕೂರಿಸುವ ಪದ್ಧತಿ ಇದಕ್ಕಾಗಿ ಹುಟ್ಟಿದೆ.

ಪ್ರೈಮರ್ ಚಪ್ಪಟೆಯಾಗಿದೆಯೇ, ಕೇಸು ಬಿಗಿಯಾಗಿ ಹೊರಬರುತ್ತಿದೆಯೇ ಎಂದು ನೋಡಿ ಒತ್ತಡ ಊಹಿಸುವ ರೂಢಿಯೂ ಇದೆ. ಇಂಥ ಗುರುತುಗಳು .45 ಕೋಲ್ಟ್‌ನ ಮಿತಿ ದಾಟಿ ಬಹಳ ಮೇಲೆ ಹೋದ ಮೇಲಷ್ಟೇ ಕಾಣತೊಡಗುತ್ತವೆ. ಹಳೆಯ ವಿನ್ಯಾಸದ ಸಿಲಿಂಡರಿಗೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬಾಯ್ಲರಿಗೆ ಸುರಕ್ಷಾ ಕವಾಟ ಇರುತ್ತದೆ, ಇಲ್ಲಿ ಗೋಡೆಯೇ ಕವಾಟ. ತಯಾರಕರು ಮಿತಿಗಿಂತ ಶೇಕಡ 30–40 ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸುವುದುಂಟು. ಆ ಹೆಚ್ಚುವರಿ ಭಾಗ ಗುಂಡಿನಿಂದ ಗುಂಡಿಗಾಗುವ ಏರಿಳಿತಕ್ಕೆ ಮೀಸಲು.

ವರದಿಯಲ್ಲಿ ನಾವು ಬರೆದದ್ದು ಇಷ್ಟು: ಉಕ್ಕಿನಲ್ಲಿ ದೋಷ ಕಂಡಿಲ್ಲ, ಬಿರುಕು ಕಚ್ಚಿನ ಮೂಲೆಯಲ್ಲಿ ಹುಟ್ಟಿ ಹಿಂದಿನ ಗುಂಡುಗಳಿಂದ ಬೆಳೆದಿದೆ, ದಾಖಲೆಯಲ್ಲಿರುವ ಪ್ರಮಾಣ ಈ ವಿನ್ಯಾಸಕ್ಕೆ ಸಲ್ಲದು. ಕೊನೆಯ ತೋಟಾದಲ್ಲಿ ಇಮ್ಮಡಿ ಮದ್ದು ಇತ್ತೆಂದು ಬರೆದುಕೊಡಿ ಎಂಬ ಕೋರಿಕೆ ಬಂದಿತ್ತು; ಆಧಾರವಿಲ್ಲವಾದ್ದರಿಂದ ಬರೆಯಲಿಲ್ಲ. ಈಗ ಒತ್ತಡದಿಂದ ಒಡೆದ ಯಾವ ಭಾಗ ಬಂದರೂ, ಅದನ್ನು ಕತ್ತರಿಸುವ ಮೊದಲು ಅದರ ಮೇಲೆ ಬಿದ್ದ ಹೊರೆಯ ದಾಖಲೆಯನ್ನು ತರಿಸಿಕೊಳ್ಳುತ್ತೇವೆ. ಗ್ರಾಹಕರು ಕಡೆಗೆ, ಇಂಥ ರಿವಾಲ್ವರಿಗೆ 14,000 ಮತ್ತು 30,000ದ ನಡುವೆ 20,000 ಆದೀತೇ ಎಂದು ಕೇಳಿದರು. ಆ ಸಿಲಿಂಡರನ್ನು ಆ ಒತ್ತಡದಲ್ಲಿ ಪರೀಕ್ಷಿಸಿದ ಯಾವ ದಾಖಲೆಯೂ ಕಡತದಲ್ಲಿಲ್ಲ, ಇರುವ ಅಂಕಿ 14,000 ಒಂದೇ ಎಂದು ಉತ್ತರಿಸಿದೆವು.