ಸಿಗಡಿ ಮುಟ್ಟದ ಹುಡುಗಿಗೆ ಸಿಗಡಿ ಅಲರ್ಜಿ

ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಹಾಗಿರುವಾಗ ಮಗಳ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ‘ಸಿಗಡಿ: ಪಾಸಿಟಿವ್’ ಎಂದು ಬಂತು. ನಾನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಅತ್ತೆ ಒಲೆ ಆರಿಸಿ ಹೊರಗೆ ಬಂದರು. “ನಿಜ ಹೇಳೋ, ಮಗೂನ ಎಲ್ಲಿಗೆ ಕರ್ಕೊಂಡು ಹೋಗಿ ತಿನ್ನಿಸ್ದೆ?” ನಮ್ಮೆಜಮಾನರು ಪಾಪ, ಕಾಲೇಜಿನಲ್ಲಿದ್ದಾಗ ಒಮ್ಮೆ ಆಮ್ಲೆಟ್ ತಿಂದದ್ದನ್ನು ಆವತ್ತು ಒಪ್ಪಿಕೊಂಡರು. ಸಿಗಡಿ ಮಾತ್ರ ದೇವರಾಣೆಗೂ ಇಲ್ಲ ಅಂದರು. ಅತ್ತೆ ನಂಬಲಿಲ್ಲ.

ಇದೆಲ್ಲ ಶುರುವಾಗಿದ್ದು ಮೈಸೂರಿನಲ್ಲಿ ಒಂದು ಗೃಹಪ್ರವೇಶದ ಊಟದಲ್ಲಿ. ಮಗಳಿಗೆ ಆಗ ಐದು ವರ್ಷ. ಎಲೆಗೆ ಬಡಿಸಿದ್ದ ಗೋಡಂಬಿ ಬರ್ಫಿಯಲ್ಲಿ ಅರ್ಧ ತಿಂದಳು. ಸಾರು ಬರುವಷ್ಟರಲ್ಲಿ “ಅಮ್ಮಾ, ಗಂಟಲು ಕಡೀತಿದೆ” ಅಂದಳು. ನೋಡನೋಡುತ್ತಲೇ ಕೆಳತುಟಿ ಊದಿತು. ಕತ್ತು, ಹೊಟ್ಟೆಯ ಮೇಲೆಲ್ಲ ಗಂಧೆ ಎದ್ದಿತು. ಕೈ ತೊಳೆಸಲು ಕರೆದುಕೊಂಡು ಹೋದರೆ ನಲ್ಲಿಯ ಹತ್ತಿರವೇ ವಾಂತಿ. ನಾವು ಮಲೆನಾಡಿನ ಸಾಗರದ ಕಡೆಯವರು. ಪಿತ್ತದ ಗಂಧೆ ಎಂದರೆ ದೊಡ್ಡಪತ್ರೆ, ಇಲ್ಲವೇ ಮುರುಗಲು. ಅತ್ತೆ ಆ ಮನೆಯ ಕುಂಡದಿಂದಲೇ ದೊಡ್ಡಪತ್ರೆ ಕಿತ್ತು, ಅಂಗೈಯಲ್ಲಿ ಹಿಸುಕಿ ರಸ ಹಚ್ಚಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಆಯಿತು. ಸಂಜೆಗೆ ಎಲ್ಲ ಇಳಿಯಿತು.

ತಿಂದ ಸ್ವಲ್ಪ ಹೊತ್ತಿಗೇ ಗಂಧೆ, ವಾಂತಿ ಎರಡೂ ಒಟ್ಟಿಗೆ ಬಂದರೆ ಅದು ಬರೀ ಪಿತ್ತವಲ್ಲ. ಅದಕ್ಕೆ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರಬಹುದಾದ ಅಲರ್ಜಿ ಎನ್ನುತ್ತಾರೆ, ಮೊದಲ ಮದ್ದು ಅಡ್ರಿನಲಿನ್. ಇದು ನನಗೆ ಗೊತ್ತಾಗಿದ್ದು ತಿಂಗಳುಗಳ ನಂತರ. ದೊಡ್ಡಪತ್ರೆಯ ಮೇಲೆ ನನಗೇನೂ ಸಿಟ್ಟಿಲ್ಲ, ತುರಿಕೆಗೆ ತಂಪು ಅನ್ನಿಸಬಹುದು. ಆದರೆ ಉಸಿರಿನ ದಾರಿ ಊದಿಕೊಂಡರೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ.

ಆಮೇಲೆ ನಾನು ಮಾಡಿದ ಪೆದ್ದು ಕೆಲಸ ಕೇಳಿ. ಯಾವುದಕ್ಕೂ ಇರಲಿ ಎಂದು ಒಂದು ಲ್ಯಾಬ್‌ನ ದೊಡ್ಡ ಅಲರ್ಜಿ ಪ್ಯಾಕೇಜ್ ಮಾಡಿಸಿದೆ. ಒಂದೇ ರಕ್ತದಲ್ಲಿ ಹತ್ತಾರು ಪದಾರ್ಥ ನೋಡುತ್ತಾರೆ. ಹದಿನೇಳು ಪಾಸಿಟಿವ್ ಬಂದವು. ಗೋಧಿ, ತೊಗರಿ, ಹಾಲು, ಬದನೆಕಾಯಿ, ಗೋಡಂಬಿ, ಪಿಸ್ತಾ, ಸಿಗಡಿ, ಏಡಿ, ಇನ್ನೂ ಏನೇನೋ. ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಎಲ್ಲವನ್ನೂ ನಿಲ್ಲಿಸಿದೆ. ತೊಗರಿಬೇಳೆ ಇಲ್ಲದ ಸಾರು, ಹಾಲಿಲ್ಲದ ರಾಗಿ ಅಂಬಲಿ. ಎರಡು ತಿಂಗಳಲ್ಲಿ ಮಗು ಒಂದೂವರೆ ಕೆಜಿ ಇಳಿದಳು. ರಿಪೋರ್ಟ್ ಬರುವ ಹಿಂದಿನ ರಾತ್ರಿಯೂ ಒಂದು ಲೋಟ ಹಾಲು ಕುಡಿದು ಆರಾಮಾಗಿ ಮಲಗಿದ್ದಳು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಾಗದದಲ್ಲಿ ಪ್ರಿಂಟಾಗಿ ಬಂದರೆ ಕಣ್ಣೆದುರಿನದ್ದೂ ಸುಳ್ಳಾಗಿಬಿಡುತ್ತೆ, ಅಲ್ವಾ?

ಕೊನೆಗೆ ಅಲರ್ಜಿ ಡಾಕ್ಟರ್ ಹತ್ತಿರ ಹೋದೆವು. ಅವರು ರಿಪೋರ್ಟನ್ನು ಮಡಚಿ ಪಕ್ಕಕ್ಕಿಟ್ಟು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಏನು ತಿಂದಳು, ಎಷ್ಟು, ಎಷ್ಟು ನಿಮಿಷಕ್ಕೆ ಶುರುವಾಯಿತು, ಹಿಂದೆ ಯಾವತ್ತಾದರೂ ಹೀಗೆ ಆಗಿತ್ತಾ, ಆಮೇಲೆ ಅದನ್ನೇ ತಿಂದು ಸುಮ್ನೆ ಇದ್ದಳಾ? ಆಗ ನೆನಪಾಯಿತು. ಶ್ಯಾವಿಗೆ ಪಾಯಸದ ಗೋಡಂಬಿಯನ್ನು “ಕಡೀತದೆ” ಎಂದು ಉಗಿದಿದ್ದಳು. ಊಟಕ್ಕೆ ಸತಾಯಿಸುತ್ತಾಳೆ ಎಂದು ನಾನು ಗದರಿದ್ದೆ.

ರಕ್ತ ಪರೀಕ್ಷೆ ಹೇಳುವುದು ಇಷ್ಟೇ: ಆ ಆಹಾರದ ವಿರುದ್ಧ ಐಜಿಇ ಎಂಬ ಪ್ರತಿಕಾಯ ಮೈಯಲ್ಲಿದೆ. ಅದು ಚರ್ಮ, ಕರುಳು, ಶ್ವಾಸನಾಳದ ಕೆಲವು ಜೀವಕೋಶಗಳಿಗೆ ಅಂಟಿ ಕೂತಿರುತ್ತದೆ. ಅಲರ್ಜಿ ಇರುವವರಲ್ಲಿ ಆ ಪ್ರೋಟೀನ್ ಮತ್ತೆ ಬಂದ ಕೂಡಲೇ ಆ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಆದರೆ ಐಜಿಇ ಇದ್ದವರಿಗೆಲ್ಲ ತಿಂದಾಗ ಗಂಧೆ ಏಳುವುದಿಲ್ಲ. ಯುರೋಪ್ರಿವಾಲ್ ಎಂಬ ದೊಡ್ಡ ಅಧ್ಯಯನದ ಭಾರತದ ಭಾಗ ನಡೆದಿದ್ದು ನಮ್ಮ ಬೆಂಗಳೂರು, ಮೈಸೂರಿನಲ್ಲೇ. 2016ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ವಯಸ್ಕರ ಪೈಕಿ ಶೇ 26.5 ಜನಕ್ಕೆ ಯಾವುದಾದರೂ ಆಹಾರದ ಐಜಿಇ ಇತ್ತು. ನಿಜಕ್ಕೂ ಆಹಾರದ ಅಲರ್ಜಿ ಇರಬಹುದು ಎನ್ನಿಸಿದವರು ಶೇ 1.2 ಮಾತ್ರ. ಇಲ್ಲಿನವರು ಅಷ್ಟಾಗಿ ತಿನ್ನದ ಪದಾರ್ಥಗಳಿಗೂ ಐಜಿಇ ಸಿಕ್ಕಿತ್ತು! (ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ನೋಡುವ ಪ್ಯಾಕೇಜ್‌ಗಳೂ ಇವೆ. ಅಲರ್ಜಿ ಕಂಡುಹಿಡಿಯಲು ಅವು ಉಪಯೋಗಕ್ಕೇ ಬರುವುದಿಲ್ಲ. ದುಡ್ಡು ಉಳಿಸಿಕೊಳ್ಳಿ.)

ಹಾಗಾದರೆ ಸಿಗಡಿ? ಹಾಸಿಗೆ, ದಿಂಬಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದಲ್ಲ, ಡಸ್ಟ್ ಮೈಟ್, ಅದು ಸಿಗಡಿಯ ದೂರದ ನೆಂಟ. ಎರಡರಲ್ಲೂ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಹೆಚ್ಚುಕಡಿಮೆ ಒಂದೇ ತರ. ನನ್ನ ಮಗಳು ಬೆಳಗ್ಗೆ ಎದ್ದರೆ ಹತ್ತು ಸೀನು ಸೀನುವವಳು. ಧೂಳಿನ ಹುಳಕ್ಕೆ ತಯಾರಾದ ಐಜಿಇ ಲ್ಯಾಬ್‌ನಲ್ಲಿ ಸಿಗಡಿಯನ್ನೂ ಹಿಡಿದುಕೊಂಡಿತ್ತು. ಯಜಮಾನರು ಡಾಕ್ಟರ ಮೇಜಿನ ಎದುರಿನಿಂದಲೇ ಅವರಮ್ಮನಿಗೆ ಫೋನ್ ಮಾಡಿದರು.

ಮುಂದಿನ ವಾರ ಚರ್ಮದ ಪರೀಕ್ಷೆ. ಏಳು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಿದ್ದೆವು. ಮುಂಗೈ ಮೇಲೆ ಪೆನ್ನಿನಲ್ಲಿ ನಂಬರ್ ಬರೆದು, ಪಕ್ಕ ಒಂದೊಂದು ಹನಿ ಬಿಟ್ಟು, ಸೂಜಿಮೊನೆಯಿಂದ ಸಣ್ಣಗೆ ಚುಚ್ಚಿದರು. ರಕ್ತ ಬರಲಿಲ್ಲ. ಹೋಲಿಸಿ ನೋಡಲು ಒಂದು ಹಿಸ್ಟಮಿನ್ ಹನಿ, ಒಂದು ಉಪ್ಪುನೀರಿನ ಹನಿ. ಹದಿನೈದು ನಿಮಿಷ ಕೆರೆದುಕೊಳ್ಳುವ ಹಾಗಿಲ್ಲ. ಕತೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಗೋಡಂಬಿಯ ಜಾಗದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಬಿಳಿ ದದ್ದು ಎದ್ದು, ಸುತ್ತ ಕೆಂಪಾಯಿತು. ಸ್ಕೇಲ್ ಇಟ್ಟರು: 9 ಮಿಲಿಮೀಟರ್. ಪಿಸ್ತಾ 6. ಮೂರಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕಿಲ್ಲ. ಗೋಡಂಬಿ, ಪಿಸ್ತಾ ಒಂದೇ ಕುಟುಂಬದ ಮರಗಳವು, ಎರಡೂ ಬೇಡ ಎಂದರು. ಮಾವು ಕೂಡ ಅದೇ ಕುಟುಂಬ. ಆದರೆ ಅವಳು ಬಾದಾಮಿ ಮಾವಿನ ಹಣ್ಣಿಗೆ ಬಾಯಿ ಹಾಕಿ ಬೆಳೆದವಳು, ಏನೂ ಆಗಿಲ್ಲ, ತಿನ್ನಲಿ ಎಂದರು.

ಗೋಧಿ, ಹಾಲು, ತೊಗರಿಯನ್ನು ಮನೆಯಲ್ಲಿ ನೀವಾಗಿಯೇ ಶುರು ಮಾಡಬೇಡಿ ಎಂದರು. ಬಹಳ ದಿನ ಬಿಟ್ಟಿದ್ದರಿಂದ ಎಚ್ಚರ ಬೇಕಂತೆ. ಆಸ್ಪತ್ರೆಯಲ್ಲೇ ಕೂರಿಸಿ ನಾನು ಒಯ್ದಿದ್ದ ಚಪಾತಿ ಕೊಟ್ಟರು. ಮೊದಲು ಅಕ್ಕಿಕಾಳಿನಷ್ಟು. ಇಪ್ಪತ್ತು ನಿಮಿಷ ಬಿಟ್ಟು ಉಗುರಿನಷ್ಟು. ಆಮೇಲೆ ಕಾಲು ಚಪಾತಿ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಸಿದ್ಧವಾಗಿತ್ತು. “ಬೆಲ್ಲ ಇಲ್ವಾ?” ಎಂದು ಮಗಳು ನರ್ಸನ್ನು ಕೇಳಿದಳು. ಹೀಗೆ ತಿನ್ನಿಸಿ ನೋಡುವುದೇ ಕೊನೆಯ ತೀರ್ಪು, ಉಳಿದ ಪರೀಕ್ಷೆಗಳೆಲ್ಲ ಸಾಕ್ಷಿಗಳು ಅಷ್ಟೇ.

ಯಾಕೆ ಬಂತು ಎಂದರೆ ಡಾಕ್ಟರು ಒಂದೇ ಕಾರಣ ಹೇಳಲಿಲ್ಲ. ಕೂಸಾಗಿದ್ದಾಗ ಕೆನ್ನೆ, ಮೊಣಕಾಲಿನ ಹಿಂದೆ ಎಗ್ಜಿಮಾ (ಒಣಗಿ ತುರಿಸುವ ಚರ್ಮದ ತೊಂದರೆ) ಇತ್ತು. ಬಿರುಕು ಬಿಟ್ಟ ಚರ್ಮದ ಮೂಲಕ ಆಹಾರದ ಕಣ ಒಳಹೊಕ್ಕರೆ ದೇಹ ಅದನ್ನು ಕಳ್ಳ ಎಂದುಕೊಳ್ಳುತ್ತದಂತೆ, ಬಾಯಿಯ ಮೂಲಕ ಬಂದರೆ ನೆಂಟ. ಲಂಡನ್‌ನಲ್ಲಿ ಜೋರಾದ ಎಗ್ಜಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. ವರ್ಷ ತುಂಬುವ ಮೊದಲೇ ಕಡಲೆಕಾಯಿ ತಿನ್ನಿಸಿದವರಲ್ಲಿ ಅದರ ಅಲರ್ಜಿ ತುಂಬ ಕಡಿಮೆ ಎಂದು 2015ರಲ್ಲಿ ತೋರಿಸಿದರು. ನಾನು “ಮೂರು ವರ್ಷದವರೆಗೆ ಬೀಜ ಗೀಜ ಕೊಡಬೇಡ” ಎಂಬ ಮಾತು ಕೇಳಿದವಳು. ಗೋಡಂಬಿಗೂ ಅದೇ ಲೆಕ್ಕವೋ ಏನೋ, ಅದನ್ನೇ ನೆನೆದು ಕೊರಗುವುದನ್ನು ಬಿಟ್ಟಿದ್ದೇನೆ.

ಈಗ ಅವಳ ಬ್ಯಾಗಿನಲ್ಲಿ ಒಂದು ಡಬ್ಬಿ: ಅಡ್ರಿನಲಿನ್ ಆಂಪೂಲ್, ಸಿರಿಂಜ್, ಡಾಕ್ಟರು ಬರೆದುಕೊಟ್ಟ ಅಳತೆ. ತೊಡೆಯ ಹೊರಬದಿಗೆ ಚುಚ್ಚುವುದನ್ನು ನಮಗಿಬ್ಬರಿಗೂ, ಅವಳ ಟೀಚರಿಗೂ ಕಲಿಸಿದ್ದಾರೆ. ಪ್ಯಾಕೆಟ್ ತಿಂಡಿಯ ಮೇಲೆ ಅಲರ್ಜಿಯ ಸಾಲು ಇರುತ್ತದೆ, ಓದಬಹುದು. ಮದುವೆ ಊಟಕ್ಕೆ ಲೇಬಲ್ ಎಲ್ಲಿ? ಮೊನ್ನೆ ಅತ್ತೆ ನೇರ ಅಡುಗೆಮನೆಗೇ ನುಗ್ಗಿದರು. “ಸಾಗುಗೆ ಗೋಡಂಬಿ ರುಬ್ಬಿದ್ದೀರಾ?” “ಸ್ವಲ್ಪ ಅಮ್ಮ, ಗೊತ್ತೇ ಆಗಲ್ಲ” ಅಂದರು ಅಡುಗೆ ಭಟ್ಟರು. ಹೋಗಲಿ, ಮೊಸರನ್ನ ಹಾಕಿಸೋಣ ಎಂದು ನೋಡಿದರೆ ಅದರ ಮೇಲೂ ಹುರಿದ ಗೋಡಂಬಿ ಉದುರಿಸಿದ್ದರು. ಮಗಳು ಆವತ್ತು ಬಿಳಿ ಅನ್ನ, ತಿಳಿಸಾರು, ಎರಡು ಹಪ್ಪಳ ತಿಂದಳು. ಅಜ್ಜಿಯ ಎಲೆಯಿಂದ ಇನ್ನೊಂದು ಹಪ್ಪಳವನ್ನೂ ಎತ್ತಿಕೊಂಡಳು.