ಹೊಗಿ ಆಮ್ಯಾಲ, ಮೊದ್ಲ ಗಾಲಿ ಬಿಚ್ಚು

2025 ಏಪ್ರಿಲ್ 13, ರವಿವಾರ
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಯುಗಾದಿ ದಿನ ಪಿಕಪ್ ಮನೆಗೆ ಬಂತು. ಇವತ್ತಿಗೆ ಸರಿಯಾಗಿ ಎರಡು ವಾರ. 2012 ರ ಮಾಡೆಲ್, ಕೆಎ 28 ನಂಬರು. ನಮಗಿಂತ ಮೊದಲು ಇಬ್ಬರು ಓಡಿಸಿದ್ದಾರೆ.

ಲಿಂಬೆ ಹೇರಲು ಬಾಡಿಗೆ ಗಾಡಿ ಕಾದು ಕಾದು ಸಾಕಾಗಿತ್ತು. ಬೇಸಿಗೆಯಲ್ಲಿ ಕಾಯಿಗೆ ಒಳ್ಳೆಯ ರೇಟು, ಆಗಲೇ ಗಾಡಿ ಸಿಗುವುದಿಲ್ಲ. 2023 ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ (ಈ ಊರಿನದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಬಂದಾಗ ಎಷ್ಟು ಖುಷಿಪಟ್ಟಿದ್ದೆವು! ಆದರೆ ಕಿತ್ತ ಕಾಯಿ ಹೊತ್ತಿಗೆ ಸರಿಯಾಗಿ ವಿಜಯಪುರದ ಎಪಿಎಂಸಿ ಮುಟ್ಟಬೇಕಲ್ವಾ? ಅದಕ್ಕೇ ಸ್ವಂತ ಗಾಡಿ.

ರಿಪೇರಿಗೆ ಅಂತ 30,000 ರೂಪಾಯಿ ತೆಗೆದಿಟ್ಟಿದ್ದೆ. ತೊಂದರೆಗಳು ಮಾತ್ರ ಜಾಸ್ತಿ. ಏರು ಬಂದರೆ ಕರಿ ಹೊಗೆ. ಹೊರ್ತಿ ದಾಟಿ ಹೈವೇಯಲ್ಲಿ ಸ್ಪೀಡ್ ಹಿಡಿದರೆ ಹೀಟ್ ಮುಳ್ಳು ಮೇಲೇರುತ್ತದೆ. ಬ್ರೇಕ್ ಸ್ವಲ್ಪ ಮೆತ್ತಗೆ. ಸ್ಟೇರಿಂಗ್‌ನಲ್ಲಿ ಆಟ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಕೆಳಗೆ ಟಣ್ ಅನ್ನುವ ಸದ್ದು. ಡ್ರೈವರ್ ಬಾಗಿಲು ಜೋತುಬಿದ್ದು ಸುತಳಿಯಲ್ಲಿ ಕಟ್ಟಿದ್ದೇವೆ. ಪೇಂಟ್ ಎದ್ದಿದೆ. ನನ್ನ ಚಿಂತೆಯೆಲ್ಲ ಹೊಗೆಯದ್ದೇ. ಇಂಜಿನ್ ಬಿಚ್ಚಿಸಬೇಕಾದರೆ ಇದರ ಎರಡರಷ್ಟು ದುಡ್ಡು ಬೇಕು ಅಂತ ಯಾರೋ ಹೇಳಿದ್ದರು. ನಿದ್ದೆ ಹತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ, ಬಿಸಿಲು ಏರುವ ಮೊದಲೇ, ಕಾಕಾ ಬಂದರು. ಅಪ್ಪನ ಗೆಳೆಯರು, ಟ್ರ್ಯಾಕ್ಟರ್, ಪಿಕಪ್ ರಿಪೇರಿಯಲ್ಲಿ ಕೂದಲು ಬೆಳ್ಳಗಾದ ಮಿಸ್ತ್ರಿ. ನಾನು ಹೊಗೆಯ ಕಥೆ ಶುರು ಮಾಡಿದೆ. ಅವರು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಬಾಟಲಿ ಮೇಲೆ ಬೆರಳಿಟ್ಟರು.

“ಇದನ್ನ ಯಾವಾಗ ತುಂಬ್ಸಿ?”

“ತಂದ ದಿನ ಫುಲ್ ಇತ್ತು ಕಾಕಾ.”

“ಮತ್ತ ಈಗ ಎಲ್ಲಿ ಹೋತು?”

ಬಾಟಲಿಯಲ್ಲಿ ಆಯಿಲ್ ಕೆಳಗಿನ ಗೆರೆಯವರೆಗೂ ಇಳಿದಿತ್ತು. ಎರಡು ವಾರ ನಾನು ಹೊಗೆ ನೋಡುತ್ತಿದ್ದೆ, ಇದನ್ನು ಒಮ್ಮೆಯೂ ನೋಡಿರಲಿಲ್ಲ. “ಹೊಗಿ ಆಮ್ಯಾಲ ನೋಡೂಣು. ಮೊದ್ಲ ಹಿಂದಿನ ಗಾಲಿ ಬಿಚ್ಚು” ಅಂದರು.

ಎಡಗಡೆಯ ಹಿಂದಿನ ಟೈರಿನ ಒಳಮಗ್ಗುಲು ಒದ್ದೆಯಾಗಿತ್ತು. ಮೇಲೆ ಧೂಳು ಮೆತ್ತಿಕೊಂಡು ಎರಿ ಮಣ್ಣಿನ ಕೆಸರಿನ ಹಾಗೆ ಕಾಣುತ್ತಿತ್ತು, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಗಾಲಿಯ ಒಳಗಿನ ಬ್ರೇಕ್ ಡ್ರಮ್ ಜಂಗು ಹಿಡಿದು ಕಚ್ಚಿತ್ತು. ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ಬಡಿದ ಮೇಲೆ ಬಂತು. ಒಳಗೆ ಲೈನರ್, ಅಂದರೆ ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿ, ಕಪ್ಪಗೆ ಮಿಂಚುತ್ತಿತ್ತು. ಕಾಕಾ ಎರಡು ಬೆರಳಲ್ಲಿ ಅದನ್ನು ಮುಟ್ಟಿ, ಉಜ್ಜಿ, ಮೂಸಿ ನೋಡಿದರು. ನನಗೂ ಮೂಸಲು ಹೇಳಿದರು. ಹಿಂದಿನ ಅಚ್ಚಿನ ಹೌಸಿಂಗ್ ಸೀಲ್ ಹೋಗಿ ಬಂದ ಗೇರ್ ಆಯಿಲ್ ಆಗಿದ್ದರೆ ದಪ್ಪಗಿರುತ್ತದೆ, ಗಂಧಕದ ಹಾಗೆ ನಾರುತ್ತದೆ. ಇದು ತೆಳ್ಳಗಿತ್ತು, ಅಂದರೆ ಬ್ರೇಕ್ ಆಯಿಲ್. ಲೈನರನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿದರು. ಒಳಗಿಂದ ಒಂದು ಹನಿ ಉರುಳಿ ಲೈನರ್ ಮೇಲೆ ಬಿತ್ತು. ಅಷ್ಟೇ. ಸಿಕ್ಕಿತು.

ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಪಾಲೀಶ್ ಕಾಗದ ಉಜ್ಜಿ ಮತ್ತೆ ಹಾಕೋಣ ಅಂದ ತಮ್ಮ. ಕಾಕಾ ಒಪ್ಪಲಿಲ್ಲ. ಒಳಗೆ ಇಂಗಿದ ಆಯಿಲ್ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದಂತೆ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ, ಹಾಗಾಗಿ ಎರಡೂ ಕಡೆ ಹೊಸ ಸಿಲಿಂಡರ್, ಹೊಸ ಲೈನರ್. ತಮ್ಮ ಬೈಕಿನಲ್ಲಿ ಇಂಡಿಗೆ ಹೋಗಿ ತಂದ. 4,800 ರೂಪಾಯಿ.

ಸಾವಿರ ಕಾಯಿಯ ಒಂದು ಚೀಲ 40 ಕೆ.ಜಿ.ಗೆ ಕಡಿಮೆ ತೂಗುವುದಿಲ್ಲ. 25 ಚೀಲ ಹೇರಿದರೆ ಒಂದು ಟನ್. ಆ ಭಾರ ಹೊತ್ತು, ಕತ್ತಲಲ್ಲಿ, ಸೋಲಾಪುರ ಹೈವೇಯಲ್ಲಿ ಲಾರಿಗಳ ನಡುವೆ ಓಡಿಸುವವನು ನನ್ನ ತಮ್ಮ. ಕಳೆದ ವಾರ ಎರಡು ಸಲ ಹೋಗಿ ಬಂದಿದ್ದಾನೆ, ಇದೇ ಬ್ರೇಕಿನಲ್ಲಿ. ಡ್ರಮ್ ಕೈಯಲ್ಲಿ ಹಿಡಿದುಕೊಂಡೇ ನನಗೆ ಕಾಲು ನಡುಗಿತು.

ಸಾಮಾನು ಬರುವವರೆಗೆ ಮುಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿದೆವು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಗಟ್ಟಿ ಇತ್ತು. ಅಂದರೆ ಬೇರಿಂಗ್, ಬಾಲ್ ಜಾಯಿಂಟ್ ಸರಿ ಇವೆ. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂತು. ಸ್ಟೇರಿಂಗನ್ನು ಗಾಲಿಗೆ ಸೇರಿಸುವ ಟೈ ರಾಡ್ ಎಂಡ್ ಹೋಗಿದೆ. ಟೈರಿನ ಒಳ ಅಂಚು ಸವೆದಿದ್ದಕ್ಕೂ ಅದೇ ಕಾರಣ. ಉಳಿದ ಕಡೆ ಕಾನೂನು ಕೇಳುವ 1.6 ಮಿ.ಮೀ.ಗಿಂತ ಜಾಸ್ತಿಯೇ ಬಟನ್, ಅಂದರೆ ಟೈರಿನ ಗೀರಿನ ಆಳ, ಇತ್ತು. ಟೈರ್ ಇನ್ನೊಂದು ವರ್ಷ ಓಡುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ. ಕಾಕಾ ಮಗ್ಗುಲಲ್ಲಿ ಒತ್ತಿದ ಅಂಕಿ ತೋರಿಸಿದರು: 1417. 2017 ರ 14 ನೇ ವಾರ ತಯಾರಾದದ್ದು. ಎಂಟು ವರ್ಷ ಆಯಿತು. ಹೆಬ್ಬೆರಳಿನಿಂದ ಒತ್ತಿದರೆ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿದ್ದವು. ನಮ್ಮ ಬಿಸಿಲಿಗೆ ಹೈವೇಯಲ್ಲಿ ಇಂಥ ಟೈರ್ ಬೇಡ. ಮುಂದಿನ ಎರಡಕ್ಕೆ 12,400, ಟೈ ರಾಡ್ ಎಂಡ್ ಮತ್ತು ಅಲೈನ್‌ಮೆಂಟಿಗೆ 2,600 ಅಂತ ಬರೆದುಕೊಂಡೆ.

ಆಮೇಲೆ ರೇಡಿಯೇಟರ್. ಇಂಜಿನ್ ತಣ್ಣಗೇ ಇತ್ತು, ಮುಚ್ಚಳ ತೆಗೆದೆವು. (ಬಿಸಿ ಇದ್ದಾಗ ಯಾರೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ.) ಒಳಗೆ ಕೂಲಂಟ್ ಇರಲಿಲ್ಲ, ಬರೀ ಬೋರ್ ನೀರು. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಬಚ್ಚಲ ಹಂಡೆ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪೊರೆ ಇಲ್ಲಿ ಪೈಪಿನ ಬಾಯಲ್ಲೂ ಕಟ್ಟಿತ್ತು. ನಿಂತಾಗ ಹೀಟ್ ಆದರೆ ಫ್ಯಾನ್ ನೋಡಬೇಕು, ಓಡುವಾಗ ಹೀಟ್ ಆದರೆ ನೀರು ಸರಿಯಾಗಿ ಹರಿಯುತ್ತಿಲ್ಲ ಅಂತ ಕಾಕಾ ವಿವರಿಸಿದರು. ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನು ಹಿಂದೆ ಯಾರೋ ಕಿತ್ತೇ ಹಾಕಿದ್ದಾರೆ. ಹೀಟ್ ಕಡಿಮೆ ಆಗಲಿ ಅಂತ ಹಾಗೆ ಮಾಡುವವರು ಬಹಳ ಜನ. ಆದರೆ ಇಂಜಿನ್ ಬೇಗ ಕಾಯದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ರೇಡಿಯೇಟರ್ ಬಿಚ್ಚಿ ಒಳಗೆ ರಾಡ್ ಹೊಡೆಸಿ ಪೊರೆ ತೆಗೆಸುವುದು, ಹೊಸ ವಾಲ್ವ್, ಹೋಸ್, ಕೂಲಂಟ್, ಎಲ್ಲ ಸೇರಿ 5,200.

ಕೊನೆಗೆ ನನ್ನ ಹೊಗೆ. ಇಂಜಿನ್ ಚಾಲೂ ಇಟ್ಟು, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಅದೇ ತೂತಿನ ಮೇಲೆ ಬೋರಲಾಗಿ ಇಟ್ಟರು. ಇಂಜಿನ್ನಿನ ಪಿಸ್ಟನ್ ರಿಂಗ್ ಹೋಗಿದ್ದರೆ ಒಳಗಿನ ಗಾಳಿ ಅದನ್ನು ಎತ್ತಿ ಒಗೆಯುತ್ತಿತ್ತು. ಸ್ವಲ್ಪ ನಡುಗಿತು, ಅಲ್ಲೇ ಕೂತಿತು. ನಾನು ಉಸಿರು ಬಿಟ್ಟೆ. ನೀಲಿ ಹೊಗೆ ಆಗಿದ್ದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ತೆಗೆದು ಕಟ್ಟೆಗೆ ಬಡಿದರೆ ಒಂದು ಬೊಗಸೆ ಧೂಳು ಬಿತ್ತು. ಸಾಮಾನಿನ ಜೊತೆ ತಮ್ಮ 450 ರೂಪಾಯಿಯ ಹೊಸ ಫಿಲ್ಟರ್ ತಂದಿದ್ದ. ಹಾಕಿ ರೇಸ್ ಮಾಡಿದಾಗ ಅರ್ಧಕ್ಕರ್ಧ ಹೊಗೆ ಇಲ್ಲ! ಉಳಿದದ್ದಕ್ಕೆ ಮುಂದೆ ಯಾವಾಗಲಾದರೂ ಡೀಸೆಲ್ ಸಿಂಪಡಿಸುವ ನಾಜಲ್ ಚೆಕ್ ಮಾಡಿಸಬೇಕು.

ಟಣ್ ಸದ್ದು ಹಿಂದಿನ ಗಾಲಿಗೆ ಓಟ ಕೊಡುವ ಪ್ರೊಪೆಲ್ಲರ್ ಶಾಫ್ಟಿನ ಕೀಲಿನದ್ದು, ಅಂದರೆ ಕ್ರಾಸಿನದ್ದು. ಅದನ್ನೂ ಬಹಳ ದಿನ ಬಿಡುವಂತಿಲ್ಲ, 1,300. ಎಲ್ಲ ಕಳೆದು 3,250 ಉಳಿಯುತ್ತದೆ, ಇಂಜಿನ್ ಆಯಿಲಿಗೆ ಬೇಕು. ಪೇಂಟ್ ಈ ವರ್ಷ ಇಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಪಾಸಿಂಗ್ (ಫಿಟ್‌ನೆಸ್ ಪರೀಕ್ಷೆ) ಮಾಡಿಸಬೇಕು. ನಮ್ಮದು ದೀಪಾವಳಿ ಹೊತ್ತಿಗೆ ಬರುತ್ತದೆ, ಬಾಗಿಲು ಅಷ್ಟರೊಳಗೆ ನೋಡೋಣ.

ಸಂಜೆ ಹೊಸ ಸಾಮಾನು ಹಾಕಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದೆವು. ತಮ್ಮ ಪೆಡಲ್ ಮೇಲೆ, ನಾನು ಗಾಡಿ ಕೆಳಗೆ. ದೂರದ ಗಾಲಿಯಿಂದ ಶುರು. “ಒತ್ತು. ಹಿಡಿ. ಬಿಡು.” ಸಣ್ಣ ಪೈಪಿನಲ್ಲಿ ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಬರೀ ಆಯಿಲ್. “ಅಣ್ಣಾ, ಪೆಡಲ್ ಗಟ್ಟಿ ಆತು!” ಅಂತ ಮೇಲಿಂದ ಕೂಗಿದ. ಕಾಲುವೆ ದಾರಿಯಲ್ಲಿ ಖಾಲಿ ಗಾಡಿ ಓಡಿಸಿ ನಾಲ್ಕು ಸಲ ನಿಲ್ಲಿಸಿ ನೋಡಿದೆವು. ನೇರ ನಿಂತಿತು.

ನಾಳೆ ಅಂಬೇಡ್ಕರ್ ಜಯಂತಿ, ಅಂಗಡಿ ತೆರೆದಿರಲಿಕ್ಕಿಲ್ಲ. ಮನೆಯಲ್ಲೇ ರೇಡಿಯೇಟರ್ ಬಿಚ್ಚಿಡುತ್ತೇವೆ. ಮಂಗಳವಾರ ಅದನ್ನೂ ಮುಂದಿನ ಎರಡು ಗಾಲಿಗಳನ್ನೂ ಕಾಕಾನ ಗಾಡಿಯಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಹೋಗಬೇಕು. ಬುಧವಾರದ ಕಾಯಿ ಬಾಡಿಗೆ ಗಾಡಿಯಲ್ಲೇ ಹೋಗಲಿ ಅಂತ ಹೇಳಿದ್ದೇನೆ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಬಾಡಿಗೆ ಕೊಡಬೇಕಾ ಅಂತ ತಮ್ಮನಿಗೆ ಸಿಟ್ಟು. ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ. ಆದರೂ ಗಾಡಿಯ ಕೀಲಿ ನನ್ನ ಕಿಸೆಯಲ್ಲೇ ಇದೆ.