ನೂರು ಪ್ರತಿಯ ಲೆಕ್ಕ

“ನೂರು ಪ್ರತಿ ಯಾರಿಗೆ? ಹೆಸರು ಬರೆದುಕೊಂಡು ಬಾ” ಎಂದು ಮಾಷ್ಟ್ರು ಹೇಳಿದ್ದು ಕಳೆದ ಭಾನುವಾರ. ಇಂದು ಶುಕ್ರವಾರ, ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾನು ಅವರಲ್ಲಿಗೆ ಹೋದದ್ದು ಬೇರೆಯೇ ಕಾರಣಕ್ಕೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಸುತ್ತಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳನ್ನು ಎರಡು ವರ್ಷಗಳಿಂದ ಚಿತ್ರಿಸುತ್ತ ಬಂದಿದ್ದೇನೆ. ಅವುಗಳಲ್ಲಿ ಹನ್ನೆರಡನ್ನು ಆಯ್ದು, ಈಗಿನವರು ಝೀನ್ ಎನ್ನುವಂಥ 16 ಪುಟಗಳ ಕಿರುಪುಸ್ತಿಕೆ ಮಾಡಿ ರಿಸೋ ಯಂತ್ರದಲ್ಲಿ ಅಚ್ಚು ಹಾಕಿಸಬೇಕೆಂಬ ಆಸೆ. ಪೇಟೆಯ ಪ್ರೆಸ್ಸಿನಲ್ಲಿ ಅದು ಟ್ಯೂಷನ್ ಕ್ಲಾಸಿನ ನೋಟ್ಸು, ಜಾತ್ರೆಯ ಕರಪತ್ರಗಳನ್ನು ಮುದ್ರಿಸುತ್ತದೆ. ಅಲ್ಲಿರುವುದು ಕಪ್ಪು ಮತ್ತು ಕೆಂಪು, ಎರಡೇ ಶಾಯಿಯ ಡ್ರಮ್ಮು. ಮುರಕಲ್ಲಿಗೆ ಕೆಂಪು, ಒಳಗಿನ ಕತ್ತಲೆಗೆ ಕಪ್ಪು. ಇನ್ನೇನು ಬೇಕು ಎಂದುಕೊಂಡಿದ್ದೆ.

ಕೈಕೊಟ್ಟದ್ದು ಆ ಕತ್ತಲೆಯೇ. ರಿಸೋ ನೋಡುವುದಕ್ಕೆ ಜೆರಾಕ್ಸಿನ ಹಾಗಿದ್ದರೂ ಕುಲದಲ್ಲಿ, ಮೇಣದ ಹಾಳೆಯ ಮೇಲೆ ಬರೆದು ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದ ಹಳೆಯ ಸೈಕ್ಲೋಸ್ಟೈಲಿನದ್ದು. ಮಾಸ್ಟರ್ ಎಂಬ ತೆಳು ಹಾಳೆಯಲ್ಲಿ ಬಿಸಿಯಿಂದ ಸೂಕ್ಷ್ಮ ರಂಧ್ರಗಳನ್ನು ಕೊರೆದು ಅದನ್ನು ಡ್ರಮ್ಮಿಗೆ ಸುತ್ತುತ್ತದೆ; ಒಳಗಿನ ಶಾಯಿ ಆ ರಂಧ್ರಗಳ ಮೂಲಕ ಕಾಗದಕ್ಕೆ ಇಳಿಯುತ್ತದೆ. ಕಾಯಿಸಿ ಒಣಗಿಸುವ ವ್ಯವಸ್ಥೆ ಇಲ್ಲದ್ದರಿಂದ ಶಾಯಿಯನ್ನು ಕಾಗದವೇ ಹೀರಬೇಕು. ಆದ್ದರಿಂದ ನುಣುಪು ಕಾಗದ ಇದಕ್ಕೆ ಆಗುವುದಿಲ್ಲ. ಸುರಂಗದ ಬಾಯಿಗೆ ನಾನು ಗಾಢವಾಗಿ ತುಂಬಿದ್ದ ಕಪ್ಪು ಕಾಗದವನ್ನು ಡ್ರಮ್ಮಿಗೇ ಅಂಟಿಸಿತು, ಬಿಡಿಸಿಕೊಂಡು ಬಂದ ಹಾಳೆಯ ಮೇಲೆ ರೋಲರಿನ ಗಾಲಿಗುರುತು ಎಳೆಯಿತು, ಸಾಲದೆಂಬಂತೆ ಮೇಲೆ ಬಿದ್ದ ಹಾಳೆಯ ಬೆನ್ನಿಗೂ ಮೆತ್ತಿಕೊಂಡಿತು.

ಶಾಲೆಯಲ್ಲಿ ವರ್ಷಗಟ್ಟಲೆ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿದವರು ನಮ್ಮ ಮಾಷ್ಟ್ರು. ತೋರಿಸಲೆಂದು ನಾನು ಒಯ್ದ ಆ ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಕಪ್ಪಾದ ಬೆರಳನ್ನು ನನ್ನತ್ತ ಹಿಡಿದರು. “ಇಷ್ಟು ಕಪ್ಪಿಗೆ ನಮ್ಮ ಸ್ಟೆನ್ಸಿಲ್ ಹರಿದೇ ಹೋಗುತ್ತಿತ್ತು. ಕತ್ತಲೆಯನ್ನು ಗೆರೆಯಲ್ಲಿ ಬರೆಯಬೇಕು ಮಾರಾಯ” ಎಂದರು. ಮೇಣದ ಹಾಳೆಯ ಮೇಲೆ ಮೊನೆಯಿಂದ ಕನ್ನಡ ಬರೆಯುವಾಗ ಸೊನ್ನೆಯನ್ನು ಒತ್ತಿ ಸುತ್ತಿದರೆ ನಡುವಿನ ಬಿಲ್ಲೆಯೇ ಕಳಚಿಬಿದ್ದು, ಪ್ರಶ್ನೆಪತ್ರಿಕೆಯ ತುಂಬ ಕಪ್ಪು ಬೊಟ್ಟುಗಳಾಗುತ್ತಿದ್ದವಂತೆ. ಅದಕ್ಕಾಗಿ ಅವರು ಸೊನ್ನೆಯನ್ನು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಅವರ ಕೈಬರಹದ ಸೊನ್ನೆ ಇಂದಿಗೂ ಬಾಯಿ ತೆರೆದೇ ಇರುತ್ತದೆ. ಮೂರು ವರ್ಷ ಅವರ ಬಳಿ ಕಲಿತರೂ ಅದರ ಕಾರಣ ನನಗೆ ತಿಳಿದದ್ದು ಅಂದೇ.

ಆಮೇಲೆ ನಾನು ಹುರುಪಿನಿಂದ ಲೆಕ್ಕ ಒಪ್ಪಿಸಿದೆ. ಎ5 ಅಳತೆಯ 16 ಪುಟಕ್ಕೆ ಎ3 ಹಾಳೆ ಎರಡು ಸಾಕು. ಮಡಚಿದಾಗ ಸರಿಯಾಗಿ ಬರಬೇಕಾದರೆ 1ರ ಜೊತೆ 16, 2ರ ಜೊತೆ 15, ಹೀಗೆ ಜೋಡಿಯ ಮೊತ್ತ 17 ಆಗಬೇಕು. ನಾಲ್ಕು ಮಗ್ಗುಲಿಗೆ ಎರಡೆರಡು ಬಣ್ಣವೆಂದರೆ ಎಂಟು ಮಾಸ್ಟರ್. ಒಂದೇ ಹಾಳೆ ಎರಡು ಸಲ ಯಂತ್ರಕ್ಕೆ ಹೋಗುವಾಗ ಕೆಂಪೂ ಕಪ್ಪೂ ಒಂದಿಷ್ಟು ಆಚೀಚೆ ಆಗಿಯೇ ತೀರುವುದರಿಂದ ಅಕ್ಷರವೆಲ್ಲ ಕಪ್ಪಿನಲ್ಲೇ. ಮಾಸ್ಟರಿನ ಖರ್ಚು 10 ಪ್ರತಿಗಾದರೂ 100ಕ್ಕಾದರೂ ಒಂದೇ, ಆದ್ದರಿಂದ 100 ಪ್ರತಿ, 200 ಹಾಳೆ, ಹಾಳಾಗುವುದಕ್ಕೆಂದು 20. ಎಲ್ಲವನ್ನೂ ಕೇಳಿದ ಮೇಲೆ ಮಾಷ್ಟ್ರು ಆ ಪ್ರಶ್ನೆ ಕೇಳಿದರು.

ಬಸ್ಸಿನಲ್ಲಿ ಬರುವಾಗ ಅದು ಹಳಬರ ಜಿಪುಣತನವೆಂದು ತೋರಿತ್ತು. ಬೆಂಗಳೂರಿನಲ್ಲಿ ಇಂಥವುಗಳ ಮಾರಾಟ ನೋಡಿ ಬಂದಿರುವ ನನ್ನ ಸೋದರಳಿಯ, “ಪ್ರತಿಯೊಂದಕ್ಕೂ ನಂಬರ್ ಹಾಕಿ ಸಹಿ ಮಾಡಿ ಮಾವ, ಬೆಲೆ ಬರುತ್ತದೆ” ಎನ್ನುತ್ತಾನೆ. ಒಳ್ಳೆಯ ಹುಡುಗ, ಆದರೆ ಓದುವವನಿಗೂ ಕೊಳ್ಳುವವನಿಗೂ ವ್ಯತ್ಯಾಸವಿದೆಯೆಂಬುದು ಅವನ ತಲೆಗೆ ಹೋಗುವುದಿಲ್ಲ. ಮಾಷ್ಟ್ರಿಗೆ ಪ್ರತಿಯ ಸಂಖ್ಯೆಯೆಂದರೆ ತರಗತಿಯ ಮಕ್ಕಳ ಸಂಖ್ಯೆ. ಅವರು ಕೆಲಸಕ್ಕೆ ಸೇರಿದಾಗ ಏಳನೆಯ ತರಗತಿಯ ಕನ್ನಡ ವಿಭಾಗಕ್ಕೆ 42 ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದರಂತೆ. ನಿವೃತ್ತಿಯ ವರ್ಷ 19 ಸಾಕಾಯಿತು. ಯಂತ್ರದ ಹಿಡಿಯನ್ನು ಎಷ್ಟು ಸಲ ತಿರುಗಿಸಬೇಕು ಎಂಬುದರಲ್ಲೇ ಕಾಸರಗೋಡಿನ ಕನ್ನಡದ ಲೆಕ್ಕ ಅವರ ಕೈಗೆ ಸಿಕ್ಕಿತ್ತು. ಅಂಥವರು “ಯಾರಿಗೆ” ಎಂದು ಕೇಳಿದರೆ ಅದು ಜಿಪುಣತನವಾಗಲಾರದು.

ಸೋಮವಾರ ರಾತ್ರಿ ಪಟ್ಟಿ ಮಾಡಲು ಕುಳಿತೆ. ನೆಂಟರನ್ನೂ ಸೇರಿಸಿ 37ಕ್ಕೆ ನಿಂತಿತು. 38ನೆಯದಾಗಿ, ನಾನು ಚಿತ್ರಿಸಿದ ಸುರಂಗಗಳಲ್ಲಿ ನಾಲ್ಕನ್ನು ತೋಡಿದ ಅಜ್ಜನ ಹೆಸರು ಬರೆದೆ. ಮೈ ತೂರುವಷ್ಟೇ ಅಗಲದ ಕಿಂಡಿಯಲ್ಲಿ ಮೋಂಬತ್ತಿ ಹಚ್ಚಿಕೊಂಡು ಪಿಕ್ಕಾಸಿನಿಂದ ಗುಡ್ಡ ಕೊರೆದವರು ಅವರು; ಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ಹೊರಗೆ ಬರುತ್ತಿದ್ದರು. ಅವರಿಗೆ ಓದು ಬಾರದು, ಮನೆಯ ಮಾತು ತುಳು, ಮೊಮ್ಮಕ್ಕಳು ಮಲಯಾಳ ಮಾಧ್ಯಮದವರು. ನನ್ನ ಕನ್ನಡದ ಟಿಪ್ಪಣಿಗಳನ್ನು ಆ ಮನೆಯಲ್ಲಿ ಯಾರೂ ಓದಲಾರರು. ಹೆಸರು ಹೊಡೆದುಹಾಕಿದೆ, ಮತ್ತೆ ಬರೆದೆ. ಕಡೆಗೆ ಅವರು ತೋಡಿದ ನಾಲ್ಕು ಸುರಂಗಗಳ ಪುಟಗಳಿಂದ ಟಿಪ್ಪಣಿಯನ್ನೇ ತೆಗೆದೆ. ಅಲ್ಲಿ ಈಗ ಚಿತ್ರ ಮಾತ್ರ: ಕೆಂಪು ಕಲ್ಲು, ಅಡಕೆ ಮರದ ದಂಬೆಯಲ್ಲಿ ಹೊರಗೆ ಹರಿಯುವ ನೀರು, ಕತ್ತಲೆಗೆ ಒತ್ತೊತ್ತಾದ ಗೆರೆಗಳು. ಒಂದೊಂದು ಪುಟಕ್ಕೆ ಒಂದೊಂದು ರಾತ್ರಿ ಹಿಡಿಯುತ್ತಿದೆ.

ಪ್ರೆಸ್ಸಿನವರಿಗೆ ಫೋನು ಮಾಡಿ 60 ಪ್ರತಿ, 140 ಹಾಳೆ ಎಂದೆ. “ನೂರಕ್ಕೆ ಹಾಕಿ ಸಾರ್, ಕಾಗದದ ಖರ್ಚು ಮಾತ್ರವಲ್ಲವೇ” ಎಂದರು, ಅವರ ಲೆಕ್ಕವೂ ತಪ್ಪಲ್ಲ. ಪಟ್ಟಿಯಲ್ಲಿ ಈಗ 41 ಹೆಸರುಗಳಿವೆ. ಮಾಷ್ಟ್ರ ಹೆಸರು ಅದರಲ್ಲಿ ಇಲ್ಲವೆಂಬುದು ಇದನ್ನು ಬರೆಯುವಾಗ ಗಮನಕ್ಕೆ ಬಂತು.